ನುಸುಳಿ ಪುಸ್ತಕದೊಳಗೆ ಮನೆ ಮಾಡಿದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಗಾಳಿ ಮಾತಾಡಿದರೆ ಎಲ್ಲರಿಗೂ ತಿಳಿಯುತ್ತಿತ್ತು.

ಆಗ ಒಂದು ಶ್ರೀತಾಳೆ ಮರ ಇತ್ತು. ಎಂಥಾ ಮರ ಅಂತೀಯಾ ಮರೀ! ಒಂದೇ ಒಂದು ಗರಿಯ ಕೆಳಗೆ ಇಡೀ ಸಂಸಾರ ಮಳೆಗೆ ನೆನೆಯದೆ ಕೂರಬಹುದಿತ್ತು. ಆ ಗರಿಗಳ ಸಂದಿಯಲ್ಲಿ ನುಸುಳಿ ಅನ್ನುವ ಪುಟಾಣಿ ಹುಳು ಇತ್ತು. ಅದಕ್ಕೆ ರೆಕ್ಕೆಯಿಲ್ಲ, ಕೊಂಬಿಲ್ಲ, ಮೈಗೊಂದು ಬಣ್ಣವೂ ಇಲ್ಲ. ಆದರೂ ಮರಕ್ಕೆ ಅದೆಂದರೆ ಪ್ರಾಣ. ದಿನಾ ಸಂಜೆ ಮರ ಅದಕ್ಕೆ ಕತೆ ಹೇಳುತ್ತಿತ್ತು. ಮೊದಲ ಮಳೆಗೆ ಕಪ್ಪೆ ಹೆದರಿ ಓಡಿದ ಕತೆ, ಚಂದ್ರ ದಾರಿ ತಪ್ಪಿ ಹಗಲಲ್ಲಿ ಬಂದು ನಾಚಿಕೊಂಡ ಕತೆ.

"ಆಮೇಲೆ?" ಅನ್ನುತ್ತಿತ್ತು ನುಸುಳಿ. "ಆಮೇಲೆ?"

ಒಂದು ದಿನ ಮರ, ತನ್ನ ಬುಡದಲ್ಲೇ ಗುಡಿಸಲು ಕಟ್ಟಿಕೊಂಡಿದ್ದ ಬೊಮ್ಮಕ್ಕನನ್ನು ಕರೆಯಿತು.

"ಬೊಮ್ಮಕ್ಕಾ, ನನಗೆ ಹೂ ಬಿಡೋ ಕಾಲ ಬಂತು. ನಮ್ಮ ಕುಲದಲ್ಲಿ ಹೂ ಬಿಡೋದು ಒಂದೇ ಸಲ. ಆಮೇಲೆ ನಾನು ಇರೋದಿಲ್ಲ. ಎಳೆಗರಿ ಈಗಲೇ ಕೊಯ್ದಿಟ್ಟುಕೋ."

"ಬಿಡ್ತು ಅನ್ನು, ಎಂಥಾ ಮಾತಾಡ್ತೀಯ!" ಎಂದು ಅವಳು ಗದರಿದಳು. ಆದರೂ ಕಣ್ಣೊರೆಸಿಕೊಂಡು ಕೊಯ್ದಿಟ್ಟಳು.

ಮರ ಹೂ ಬಿಟ್ಟಿತು. ಅಬ್ಬಬ್ಬಾ, ಅದೇನು ಹೂವು! ಮರದ ನೆತ್ತಿಯ ಮೇಲೆ ಇನ್ನೊಂದು ಮರ ಹುಟ್ಟಿದ ಹಾಗೆ. ಮೋಡ ನಿಂತು ನೋಡಿತು, ಹೊಳೆ ಕತ್ತೆತ್ತಿ ನೋಡಿತು. ಹೂವು ಕಾಯಾಯಿತು, ಕಾಯಿ ಉದುರಿತು. ಮರ ಒಣಗಿ ಒಂದು ಮಧ್ಯಾಹ್ನ ಬಿದ್ದುಹೋಯಿತು.

ನುಸುಳಿ ಅತ್ತೂ ಅತ್ತೂ ಸೊರಗಿತು.

"ಮರಗಳಿಗೇನು ಬರವೇ? ಬಾ, ಹೊತ್ಕೊಂಡು ಹೋಗ್ತೀನಿ" ಎಂದಿತು ಗಾಳಿ.

"ಮರ ಬೇಕಾದಷ್ಟಿವೆ. ಹೆಸರು ಹಿಡಿದು ನನ್ನನ್ನ ಕರೆಯೋ ಮರ ಎಲ್ಲಿದೆ?"

ಗಾಳಿ ಪಾಪ, ಬರಿಗೈಲಿ ಹೊರಟುಹೋಯಿತು.

ಬೊಮ್ಮಕ್ಕನಿಗೂ ದುಃಖ ಕಮ್ಮಿಯೇನಿರಲಿಲ್ಲ. ಆದರೆ ಕೈ ಕಟ್ಟಿ ಕೂರುವ ಹೆಂಗಸಲ್ಲ ಅವಳು. ಗರಿಗಳನ್ನು ಅರಿಸಿನದ ನೀರಲ್ಲಿ ಬೇಯಿಸಿದಳು, ನೆರಳಲ್ಲಿ ಒಣಗಿಸಿದಳು, ಸಮನಾಗಿ ಕತ್ತರಿಸಿದಳು. ಆಮೇಲೆ ಚೂಪಾದ ಕಬ್ಬಿಣದ ಕಡ್ಡಿ ಹಿಡಿದು ಗೀರತೊಡಗಿದಳು.

ನುಸುಳಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಅಕ್ಕಾ! ಗಾಯದ ಮೇಲೆ ಬರೆ ಎಳೀತೀಯಲ್ಲ, ಕರುಳಿಲ್ವಾ ನಿಂಗೆ?"

"ಬರೀತಿದ್ದೀನಿ ಕಣೋ. ನೀನು ಮೇಲೆ ಕೂತು ಕತೆ ಕೇಳ್ತಿದ್ದೆ, ನಾನು ಕೆಳಗೆ ಕೂತು ಕೇಳ್ತಿದ್ದೆ."

ನುಸುಳಿ ಗರಿಯ ಮೇಲೆ ಓಡಿ ನೋಡಿತು. ಗರಿ ಬರೀ ಹಳದಿ. "ಏನೂ ಕಾಣಲ್ಲ! ಸುಳ್ಳು ಹೇಳ್ತೀಯಾ!"

"ತಾಳು ಮಾರಾಯ, ತಾಳಿದವನು ಬಾಳಿಯಾನು."

ಬೊಮ್ಮಕ್ಕ ದೀಪದ ಮಸಿಗೆ ಎಣ್ಣೆ ಕಲಸಿ ಗರಿಗೆಲ್ಲ ಬಳಿದೇಬಿಟ್ಟಳು. ಗರಿ ಕಪ್ಪು, ನಡುವೆ ನಿಂತಿದ್ದ ನುಸುಳಿಯೂ ಕಪ್ಪು.

"ಅಯ್ಯಯ್ಯೋ, ಎಲ್ಲಾ ಹಾಳಾಯ್ತು!"

ಅವಳು ನಕ್ಕು, ಬಟ್ಟೆಯಿಂದ ಮೆಲ್ಲಗೆ ಒರೆಸಿದಳು. ಮೇಲಿನ ಮಸಿ ಹೋಯಿತು, ಗೀರಿನೊಳಗಿನದು ಉಳಿಯಿತು. ಅಕ್ಷರಗಳು ಒಂದೊಂದಾಗಿ ಎದ್ದು ನಿಂತವು. ಅವಳು ಬೆರಳಿಟ್ಟು ಓದಿದಳು:

"ನುಸುಳೀ, ಬಂದೆಯಾ ಮಗಾ? ಕೇಳು ಹಾಗಾದರೆ. ಮೊದಲ ಮಳೆ ಬಂತು, ಕಪ್ಪೆ ಹೆದರಿ ಓಡಿತು…"

ಅದು ಮರದ್ದೇ ಮಾತು, ಒಂದಕ್ಷರ ಆಚೀಚೆ ಇಲ್ಲ! ನುಸುಳಿ ಅಳುತ್ತಳುತ್ತಲೇ ನಕ್ಕಿತು. "ಆಮೇಲೆ?" ಅಂದಿತು.

ದುಃಖ ಪೂರಾ ಹೋಯಿತೇ? ಹೇಗೆ ಹೋದೀತು, ಅಂಥಾ ಮರ! ಆದರೆ ನುಸುಳಿ ಹೊಟ್ಟೆತುಂಬ ಉಂಡು, ಬೊಮ್ಮಕ್ಕ ದಾರ ಪೋಣಿಸಿ ಪುಸ್ತಕ ಮಾಡಿದ ಆ ಗರಿಗಳ ನಡುವೆಯೇ ಮಲಗಿತು. ಎಷ್ಟು ಒರೆಸಿದರೂ ಅದರ ಮೈಯ ಮಸಿ ಪೂರ್ತಿ ಹೋಗದೆ, ಎಣ್ಣೆ ಹತ್ತಿದ ಬೂದುಮೈ ಬೆಳ್ಳಿಯ ಹಾಗೆ ಹೊಳೆಯಿತು. ಪ್ರೀತಿ ಉಕ್ಕಿದಾಗ ಆ ಕಳ್ಳ ಪುಟದ ಅಂಚನ್ನೂ ಒಂದಿಷ್ಟು ಮೆಲ್ಲುವುದುಂಟು!

ಅದಕ್ಕೇ ಮರೀ, ಇವತ್ತಿಗೂ ನೀನು ಹಳೇ ಪುಸ್ತಕ ತೆರೆದರೆ ಬೆಳ್ಳಿಬಣ್ಣದ ಹುಳುವೊಂದು ಸರಕ್ಕನೆ ಓಡುತ್ತದೆ, ಮುಟ್ಟಿದರೆ ಬೆರಳಿಗೆ ಬೂದುಪುಡಿ ಹತ್ತುತ್ತದೆ. ಹೊಡೆಯಬೇಡ, ತನ್ನ ಮರ ಕತೆ ಎಲ್ಲಿ ನಿಲ್ಲಿಸಿತ್ತೋ ಆ ಪುಟವನ್ನು ಅದು ಹುಡುಕುತ್ತಿರುತ್ತದೆ.