ಏಳರ ಬಟ್ಟಲು

"ಗುರುಗಳೇ, ಕವಡೆ ಸಾಲಾಗಿ ಐದು ಸಲ ಬೋರಲು ಬಿದ್ದಿದೆ. ಆರನೆಯ ಸಲ ಅಂಗಾತ ಬೀಳಲೇಬೇಕಲ್ಲವೇ?" ಎಂದು ಶಿಷ್ಯ ಕೇಳಿದ.

ಅವನು ಆಗ ಸಂಭವದ ಲೆಕ್ಕ ಕಲಿಯುತ್ತಿದ್ದ. ಕವಡೆ ಎಸೆದರೆ ಎರಡೇ ದಾರಿ: ಅಂಗಾತ, ಇಲ್ಲವೇ ಬೋರಲು. ಹತ್ತು ಕವಡೆಗಳನ್ನು ನೂರಾರು ಸಲ ಎಸೆದು, ಪ್ರತಿ ಸಲ ಎಷ್ಟು ಅಂಗಾತ ಬಿದ್ದವೆಂದು ಗುರುತು ಹಾಕುತ್ತ ಹೋದರೆ, ನಡುವಿನ ಸಂಖ್ಯೆಗಳು ಮತ್ತೆ ಮತ್ತೆ ಬರುತ್ತವೆ, ತುದಿಯವು ಅಪರೂಪ. ಇದಕ್ಕೆ ದ್ವಿಪದ ವಿತರಣೆ ಎಂದು ಹೆಸರು. ಕವಡೆಗಳು ಹೆಚ್ಚಿದಷ್ಟೂ ಗುರುತುಗಳ ರಾಶಿ ಒಂದು ನುಣುಪಾದ ಗುಡ್ಡದಂತಾಗುತ್ತದೆ. ಆ ಗುಡ್ಡಕ್ಕೆ ಪ್ರಸಾಮಾನ್ಯ ವಿತರಣೆ ಎನ್ನುತ್ತಾರೆ. ಇಷ್ಟನ್ನು ಶಿಷ್ಯ ಚೆನ್ನಾಗಿ ಅರಿತಿದ್ದ. ಅರಿತದ್ದರಿಂದಲೇ ಈ ಪ್ರಶ್ನೆ ಹುಟ್ಟಿತ್ತು.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ವಿಷಮಜ್ವರಕ್ಕೆ ಅವನ ಕಷಾಯ ಹೆಸರುವಾಸಿ. ಕಷಾಯ ಕೊಟ್ಟು ಎದ್ದು ಬರುವ ವೈದ್ಯ ಅವನಲ್ಲ. ಮೂರು ದಿನ ಹಾಸಿಗೆಯ ಪಕ್ಕದಲ್ಲೇ ಕೂರಬೇಕು, ಗಳಿಗೆಗೊಮ್ಮೆ ರೋಗಿಯ ತಲೆ ಎತ್ತಿ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಬೇಕು. ಅವನ ತಂದೆ ಹಾಕಿಕೊಟ್ಟ ಪದ್ಧತಿ ಅದು. ಅಷ್ಟೆಲ್ಲ ಮಾಡಿದರೂ ಹತ್ತರಲ್ಲಿ ಏಳು ಮಂದಿ ಉಳಿಯುತ್ತಿದ್ದರು, ಮೂವರು ಹೋಗುತ್ತಿದ್ದರು.

ಇದು ಅವನ ಊಹೆಯಲ್ಲ. ಅವನ ಮನೆಯ ಗೋಡೆಗೂಡಿನಲ್ಲಿ ಬಟ್ಟಲುಗಳ ಸಾಲೊಂದಿತ್ತು. ಹತ್ತು ರೋಗಿಗಳ ಚಿಕಿತ್ಸೆ ಮುಗಿದಾಗ ಉಳಿದವರನ್ನು ಎಣಿಸಿ, ಆ ಸಂಖ್ಯೆಯ ಬಟ್ಟಲಿಗೆ ಒಂದು ಹುಣಿಸೆ ಬೀಜ ಹಾಕುತ್ತಿದ್ದ. ಮೂವತ್ತು ವರ್ಷಗಳಲ್ಲಿ ಏಳರ ಬಟ್ಟಲು ಎಲ್ಲಕ್ಕಿಂತ ಹೆಚ್ಚು ತುಂಬಿತ್ತು. ಆರರಲ್ಲೂ ಎಂಟರಲ್ಲೂ ಅದಕ್ಕಿಂತ ಕಡಿಮೆ, ಐದರಲ್ಲೂ ಒಂಬತ್ತರಲ್ಲೂ ಇನ್ನೂ ಕಡಿಮೆ. ಹತ್ತರ ಬಟ್ಟಲಲ್ಲಿ ಮೂರೇ ಬೀಜ. ವೈದ್ಯ ದಿನವೂ ಅವುಗಳ ಮುಂದೆ ಕೂತು ನೋಡುತ್ತಿದ್ದ. "ನಿಮ್ಮ ಕಷಾಯ ರೋಗಿಗಳಿಗೋ ಈ ಬಟ್ಟಲುಗಳಿಗೋ?" ಎಂದು ಹೆಂಡತಿ ಹಂಗಿಸುತ್ತಿದ್ದಳು.

ಒಂದು ವರ್ಷ ಹೊಸ ಹತ್ತರ ಎಣಿಕೆ ಶುರುವಾಯಿತು. ಮೊದಲು ಬಂದ ಏಳು ಮಂದಿಯೂ ಉಳಿದರು. ಊರು ಹಿಗ್ಗಿತು. ವೈದ್ಯನಿಗೆ ಮಾತ್ರ ಅನ್ನ ಸೇರದಾಯಿತು. ಏಳು ಮುಗಿಯಿತು, ಇನ್ನು ಬರುವ ಮೂವರೂ ಸಾಯುವವರೇ ಎಂದು ಅವನು ತನ್ನೊಳಗೇ ತೀರ್ಮಾನಿಸಿಕೊಂಡ.

ಎಂಟನೆಯವಳಾಗಿ ಬಂದದ್ದು ಬುಟ್ಟಿ ಹೆಣೆಯುವವಳ ಮಗಳು, ಆರು ವರ್ಷದ ಹೊನ್ನಿ. ತಾಯಿ ಅವಳನ್ನು ಹೆಗಲ ಮೇಲೆ ಹೊತ್ತು ತಂದಿದ್ದಳು. ತಾಯಿಯ ಮುಖದಲ್ಲಿ ಭಯಕ್ಕಿಂತ ಭರವಸೆಯೇ ಹೆಚ್ಚಾಗಿತ್ತು.

"ಏಳು ಜನರನ್ನ ಉಳಿಸಿದ ಕೈ ಇದು, ಸ್ವಾಮಿ. ನಮ್ಮ ಹೊನ್ನಿಗೂ ಒಂದು ಸಲ ಮುಟ್ಟಿಸಿ."

ಅವಳು ಏಳನ್ನು ಎಣಿಸಿ ಧೈರ್ಯ ತಂದುಕೊಂಡಿದ್ದಳು. ಅವನು ಅದೇ ಏಳನ್ನು ಎಣಿಸಿ ಕೈಚೆಲ್ಲಿದ್ದ. ಕಷಾಯದ ಗಡಿಗೆಯನ್ನು ಅವಳ ಕೈಗಿತ್ತು, ಕುಡಿಸುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಿ, ಮನೆಗೆ ಕರೆದುಕೊಂಡು ಹೋಗೆಂದ. ತಾನು ಹಿಂದೆ ಹೋಗಲಿಲ್ಲ.

ತಾಯಿಗೆ ಕಷಾಯ ಕುಡಿಸಿ ಅಭ್ಯಾಸವಿರಲಿಲ್ಲ. ಅರ್ಧ ಹಾಸಿಗೆಗೆ ಚೆಲ್ಲಿತು. ಎರಡನೆಯ ದಿನ ಮಗು ನುಂಗುವುದನ್ನು ನಿಲ್ಲಿಸಿತು. ಮೂರನೆಯ ದಿನ ಸಂಜೆ ತೀರಿಕೊಂಡಿತು. ವೈದ್ಯ ಪಕ್ಕದಲ್ಲಿ ಕೂತಿದ್ದರೆ ಉಳಿಯುತ್ತಿತ್ತೇ? ಅದನ್ನು ಯಾರೂ ಹೇಳಲಾರರು. ಅವನು ಕೂರಲಿಲ್ಲ ಎಂಬುದಷ್ಟೇ ನಿಜ.

ಮಣ್ಣು ಮಾಡಿ ಬಂದ ತಾಯಿ ಅವನ ಬಾಗಿಲಿಗೆ ಬಂದಳು. ಅವಳು ಬೈಯಲಿಲ್ಲ. ಗಡಿಗೆಯನ್ನು ತೊಳೆದು ತಂದಿದ್ದಳು, ಅದನ್ನು ಜಗಲಿಯ ಮೇಲಿಟ್ಟಳು. "ಆ ಏಳೂ ಜನರ ಮನೇಲಿ ಮೂರು ದಿನ ಕೂತ್ರಂತೆ" ಎಂದಷ್ಟೇ ಹೇಳಿ ಹೋದಳು.

ಆಮೇಲೆ ಇನ್ನಿಬ್ಬರು ಬಂದರು. ವೈದ್ಯನಿಗೆ ಆಗ ಲೆಕ್ಕದ ಮೇಲೆ ಮನಸ್ಸಿರಲಿಲ್ಲ. ಅವರ ಹಾಸಿಗೆಯ ಪಕ್ಕ ಬಿಟ್ಟೇಳದೆ ಕೂತ. ಇಬ್ಬರೂ ಉಳಿದರು. ಹತ್ತು ಮುಗಿದದ್ದರಿಂದ ಅವನು ಬೀಜ ಹಾಕಬೇಕಾಗಿತ್ತು, ಒಂಬತ್ತರ ಬಟ್ಟಲಿಗೆ. ಪಕ್ಕದ ಹತ್ತರ ಬಟ್ಟಲಲ್ಲಿ ಮೂರು ಬೀಜಗಳು ಎಂದಿನಂತೆ ಇದ್ದವು. ಹತ್ತಕ್ಕೆ ಹತ್ತೂ ಉಳಿದ ಕಾಲ ತನ್ನ ಕೈಯಲ್ಲೇ ಮೂರು ಸಲ ಬಂದಿತ್ತೆಂದು ಅವನಿಗೆ ಮೊದಲೂ ಗೊತ್ತಿತ್ತು. ಅವನು ಬೀಜ ಹಿಡಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆದು ತಡೆದು, ಹಾಗಾದರೆ ಮೂವತ್ತು ವರ್ಷದ ಆ ಲೆಕ್ಕವೇ ಸುಳ್ಳೇ ಎಂದು ಕೇಳಿದ.

"ಲೆಕ್ಕ ಸುಳ್ಳಲ್ಲ, ಮಗು. ಆದರೆ ಮುಂಚೆ ಉಳಿದ ಏಳು ಮಂದಿಯ ಸುದ್ದಿ ಹೊನ್ನಿಯ ಜ್ವರಕ್ಕೆ ಗೊತ್ತಿರಲಿಲ್ಲ, ವೈದ್ಯನಿಗೆ ಗೊತ್ತಿತ್ತು."