ಪ್ಲೈವುಡ್ ಅರಮನೆಯ ಬೆನ್ನು

ಅದೊಂದು ಎಂದಿನಂಥ ಮಂಗಳವಾರ. ಮನರಂಜನಾ ಪಾರ್ಕಿನ ಸಿನಿಮಾ ಸ್ಟುಡಿಯೋದಲ್ಲಿ ನಿಂತಿದ್ದ, ಚಿನ್ನದ ಬಣ್ಣದ ಪ್ಲೈವುಡ್ ಅರಮನೆಯನ್ನು ಬಡಗಿ ಚೌಡಪ್ಪ ಟೇಪು ಹಿಡಿದು ಅಳೆದುಕೊಂಡು ಹೋದ. ಪ್ರವಾಸಿಗರನ್ನು ಸುತ್ತಾಡಿಸುವ ಬಂಡಿ ಬಂದಾಗ ಅರಮನೆ ಹಿಗ್ಗಿನಿಂದ ಹೇಳಿತು:

“ಬಂಡಿಯಣ್ಣ, ಸ್ಟುಡಿಯೋ ಮುಚ್ಚುತ್ತಾರೆ ಅಂತ ಎಲ್ಲರೆದುರು ಸಾರಿದೆಯಲ್ಲ. ನೋಡು, ಅಳತೆ ತೆಗೆದರು. ಅಳತೆಯಾದ ಮೇಲೆ ಹೊಸ ಬಣ್ಣ. ಒಮ್ಮೆ ಜೈಲಾಗಿದ್ದೆ, ಒಮ್ಮೆ ಮದುವೆ ಛತ್ರವಾಗಿದ್ದೆ. ಇನ್ನೇನಾಗುತ್ತೇನೋ.”

“ಎಲ್ಲಿಂದ ಅಳೆದರು?”

“ಈ ಸಲ ಹಿಂದಿನಿಂದ.”

ಬಂಡಿ ಕೇಳಿತು: “ತಮ್ಮಾ, ನಿನ್ನ ಬೆನ್ನಿಗೆ ಯಾವತ್ತಾದರೂ ಬಣ್ಣ ಬಳಿದಿದ್ದಾರಾ?”

“ಬೆನ್ನನ್ನು ಯಾರು ನೋಡುತ್ತಾರೆ? ನಿನ್ನ ಮುರಿದ ಮೆಟ್ಟಿಲನ್ನಾದರೆ ಎಲ್ಲರೂ ನೋಡುತ್ತಾರೆ,” ಎಂದು ಅರಮನೆ ನಕ್ಕಿತು.

“ನಗು. ನನಗೆ ಚಕ್ರವಿದೆ, ಇಲ್ಲಲ್ಲದಿದ್ದರೆ ಇನ್ನೆಲ್ಲಾದರೂ ಓಡಿಸುತ್ತಾರೆ,” ಎಂದು ಬಂಡಿ ಹೊರಟಿತು.

ಅರಮನೆ ಬಣ್ಣದ ಡಬ್ಬಿಗಾಗಿ ಮುಂದಿನ ದಾರಿಯನ್ನೇ ನೋಡುತ್ತ ಮರುದಿನವೂ ನಿಂತಿತ್ತು. ಚೌಡಪ್ಪ ಗರಗಸ ಹಿಡಿದು ಹಿಂದಿನಿಂದ ಬಂದ.

ಗುರುವಾರ ಬಂಡಿ ನೀರಾಟದ ಕೊಳದ ಕಡೆಗೆ ಜನರನ್ನು ಕರೆದೊಯ್ದಿತು. ಅದಕ್ಕೆ ಹೊಸ ಮೆಟ್ಟಿಲು ಹಾಕಿದ್ದರು. ಮೆಟ್ಟಿಲಿನ ಅಡಿಬದಿಯಲ್ಲಿ ಚಿನ್ನದ ಬಣ್ಣವಿತ್ತು.