ಒಂಟಿ ಸೀನು

ನಮ್ಮ ಕೊಬ್ಬರಿ ಮಂಡಿಯಲ್ಲಿ ರೇವಣಸಿದ್ದಪ್ಪ ಯಜಮಾನರಿದ್ದ ಆ ದಿನಗಳೇ ಚೆಂದ. ಒಂಟಿ ಸೀನು ಕೇಳಿಸಿದರೆ ಹೊರಟ ಲಾರಿಯನ್ನೂ ನಿಲ್ಲಿಸಿ, ಸೀನಿದವನಿಗೆ ನೀರು ಕುಡಿಸಿಯೇ ಕಳಿಸುತ್ತಿದ್ದರು.

ಒಮ್ಮೆ ಅವರು ಊರಲ್ಲಿಲ್ಲದಾಗ ಗುಮಾಸ್ತನಿಗೆ ವಿಡಿಯೊ ಕಾಲ್ ಬಂತು. ಅವರದೇ ಮುಖ, ಅದೇ ಗೊಗ್ಗರು ದನಿ.

“ಮಂಡಿ ದುಡ್ಡೆಲ್ಲ ಈಗಲೇ ಈ ಹೊಸ ಖಾತೆಗೆ ಹಾಕು. ಇಲ್ಲಾಂದ್ರೆ ನಾಳೆಯಿಂದ ಬರಬೇಡ!”

ಗುಮಾಸ್ತನಿಗೆ ಅನುಮಾನ ಬಂತು. ಬೇಕೆಂದೇ ಒಂದೇ ಒಂದು ಸಲ ಸೀನಿದ.

“ಸೀನಿದ್ರೆ ಏನಾಯ್ತು? ಬೇಗ ಹಾಕೋ!”

“ಅಯ್ಯೋ, ನೀವ್ಯಾರಪ್ಪಾ?” ಎಂದ ಗುಮಾಸ್ತ. ಯಜಮಾನರ ಮುಖ ತಟ್ಟನೆ ಮಾಯವಾಯಿತು.

ನಿಜವಾದ ಯಜಮಾನರು ಬಂದಾಗ ಹೇಳಿದ: “ಎಐ ಕಳ್ಳ ನಿಮ್ಮ ಮುಖ, ದನಿ ಎಲ್ಲ ಕದ್ದಿದ್ದ ಯಜಮಾನ್ರೇ, ಸೀನಿನ ಭಯ ಒಂದು ಬಿಟ್ಟು.”

ಯಜಮಾನರು ನಗಲಿಲ್ಲ. “ಅದಿರಲಿ, ಸೀನಿದ ಮೇಲೆ ನೀರು ಕುಡಿದ್ಯೇನೋ?”